ಬಾದಾಮಿ: ಗೆಲುವನ್ನೂ ಸೋಲನ್ನೂ ಬಂಡೆಯಲ್ಲೇ ಇಟ್ಟುಕೊಂಡ ರಾಜಧಾನಿ

[ದೃಶ್ಯ: ಕೆಂಪು ಬಂಡೆಗಳ ಗುಡ್ಡ, ಕೆಳಗೆ ಅಗಸ್ತ್ಯ ಕೆರೆ]

ಕ್ರಿ.ಶ. 543. ಬಾದಾಮಿಯ ಗುಡ್ಡದಲ್ಲಿ ಒಬ್ಬ ರಾಜ ಬಂಡೆಯ ಮೇಲೆ ಕೆಲವು ಸಾಲು ಕೆತ್ತಿಸಿದ. ಸಂಸ್ಕೃತದಲ್ಲಿವೆ. ತಿರುಳು ಇಷ್ಟು: ಈ ಕೋಟೆ ನಾನು ಕಟ್ಟಿಸಿದ್ದು, ಮೇಲಿನಿಂದ ಬಂದರೂ ಕೆಳಗಿನಿಂದ ಬಂದರೂ ಯಾರಿಗೂ ಇದನ್ನು ಗೆಲ್ಲಲು ಆಗದು. ಆ ರಾಜ ಚಾಲುಕ್ಯ ವಂಶದ ಒಂದನೇ ಪುಲಕೇಶಿ.

ಆಮೇಲೆ ನೂರು ವರ್ಷವೂ ತುಂಬಲಿಲ್ಲ. 642ರಲ್ಲಿ ಕಂಚಿಯ ಪಲ್ಲವರು ಈ ಕೋಟೆಯನ್ನು ಗೆದ್ದರು. ಗೆದ್ದವರು ಸುಮ್ನೆ ಹೋಗಲಿಲ್ಲ, ಇದೇ ಊರಿನ ಇನ್ನೊಂದು ಬಂಡೆಯ ಮೇಲೆ ತಮ್ಮ ರಾಜನ ಹೆಸರು ಕೆತ್ತಿಸಿದರು. ಎರಡೂ ಶಾಸನ ಒಂದೇ ಊರಿನಲ್ಲಿವೆ, ಅಕ್ಕಪಕ್ಕದವರ ಹಾಗೆ.

ನಮಸ್ಕಾರ. ಬಾದಾಮಿಗೆ ಹೋಗುವವರಲ್ಲಿ ಹೆಚ್ಚಿನವರು ನಾಲ್ಕು ಗುಹೆ ನೋಡಿ, ಫೋಟೋ ತೆಗೆದು, ಎರಡು ಗಂಟೆಯೊಳಗೆ ಪಟ್ಟದಕಲ್ಲಿನ ದಾರಿ ಹಿಡಿಯುತ್ತಾರೆ. ಗುಹೆಗಳು ಚೆಂದವೇ. ಆದರೆ ಸುಮಾರು ಇನ್ನೂರು ವರ್ಷ ದಖ್ಖನ್ನಿನ ಬಹುಪಾಲನ್ನು ಆಳಿದ ರಾಜಧಾನಿ ಇದು. ಆ ರಾಜಧಾನಿ ಎಂಥದ್ದು, ಅಲ್ಲಿನ ಜನ ಎಂಥವರು ಅನ್ನುವುದು ಬಂಡೆಗಳ ಮೇಲೆ ಬರೆದಿದೆ. ಇವತ್ತು ಅದನ್ನೇ ಓದೋಣ.

[ದೃಶ್ಯ: ಮೇಲಿನಿಂದ ಊರಿನ ನೋಟ]

ಮೊದಲು ಜಾಗ ನೋಡಿ. ಉತ್ತರಕ್ಕೊಂದು ಗುಡ್ಡ, ದಕ್ಷಿಣಕ್ಕೊಂದು ಗುಡ್ಡ. ಪೂರ್ವಕ್ಕೆ ಹೋದರೆ ಎರಡೂ ಕೂಡಿಕೊಳ್ಳುತ್ತವೆ. ಪಶ್ಚಿಮ ಒಂದೇ ಬಯಲು. ನಡುವಿನ ತಗ್ಗಿನಲ್ಲಿ ಕೆರೆ. ಮಳೆಗಾಲದಲ್ಲಿ ಬಂಡೆಗಳ ನೆತ್ತಿಯಿಂದ ನೀರು ಧುಮುಕಿ ಕೆರೆಗೆ ಬರುತ್ತದೆ. ಅಕ್ಕ ತಂಗಿ ಅನ್ನೋ ಜೋಡಿ ಜಲಪಾತ ಆಗ ನೋಡಬೇಕು. ಪಶ್ಚಿಮದ ಕಡೆ ಏರಿ ಕಟ್ಟಿ ಆ ನೀರನ್ನು ಹಿಡಿದಿದ್ದಾರೆ, ಏರಿಯ ಈಚೆ ಊರು.

ಅಂದರೆ ಶತ್ರು ಬರಬೇಕಾದರೆ ಒಂದೇ ಕಡೆಯಿಂದ ಬರಬೇಕು. ಮುತ್ತಿಗೆ ಹಾಕಿ ಕೂತರೂ ಒಳಗಿನವರಿಗೆ ಕುಡಿಯುವ ನೀರಿದೆ. ಸುತ್ತ ಮಲಪ್ರಭಾ ನದಿಯ ಬಯಲು, ಹೊಟ್ಟೆಗೆ ಅಲ್ಲಿನ ಬೆಳೆ. ಕಟ್ಟಡಕ್ಕೆ, ಕೆತ್ತನೆಗೆ ಬೇಕಾದ ಮರಳುಗಲ್ಲು ಮನೆ ಹಿಂದೆಯೇ ಇದೆ. ಕೋಟೆ ಕಟ್ಟಲು ಪುಲಕೇಶಿ ಈ ಜಾಗ ಆರಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಉತ್ತರದ ಗುಡ್ಡದ ಕೋಟೆಗೆ ಬಾವನ್ ಬಂಡೆ ಕೋಟೆ ಅಂತ ಹೆಸರು. ಒಳಗೆ ಹತ್ತುವ ದಾರಿ ಎರಡು ಬಂಡೆಗಳ ಸಂದಿಯಲ್ಲಿ ಹೋಗುತ್ತದೆ. ಕೆಲವು ಕಡೆ ಎಷ್ಟು ಇಕ್ಕಟ್ಟು ಅಂದರೆ ಮೇಲೆ ನಿಂತ ನಾಲ್ಕು ಜನ ಕಲ್ಲು ಉರುಳಿಸಿದರೆ ಕೆಳಗಿನ ಒಂದು ಪಡೆಯೇ ನಿಲ್ಲಬೇಕು.

ಆಗ ಊರಿನ ಹೆಸರು ವಾತಾಪಿ. ಅಗಸ್ತ್ಯ ಮುನಿ ಹೊಟ್ಟೆ ಸವರಿಕೊಂಡು "ವಾತಾಪಿ ಜೀರ್ಣೋಭವ" ಅಂದ ಕಥೆ ನಮಗೆಲ್ಲ ಗೊತ್ತು. ಮಕ್ಕಳಿಗೆ ಅನ್ನ ಉಣಿಸಿ ಹೊಟ್ಟೆ ನೀವುವಾಗ ಅಜ್ಜಿಯರು ಅದನ್ನೇ ಹೇಳುತ್ತಿದ್ದರು. ಆ ರಾಕ್ಷಸ ಅಣ್ಣತಮ್ಮಂದಿರನ್ನು ಜನ ಇದೇ ಊರಿಗೆ ಸೇರಿಸಿ ಹೇಳುತ್ತಾರೆ, ಕೆರೆಗೂ ಅಗಸ್ತ್ಯನ ಹೆಸರಿದೆ.

[ದೃಶ್ಯ: ಮೂರನೇ ಗುಹೆಯ ಮೆಟ್ಟಿಲು, ಕಂಬಗಳು]

ಈಗ ಗುಹೆಗಳಿಗೆ ಬರೋಣ. ಮೊದಲ ಗುಹೆಯ ಬಾಗಿಲಲ್ಲೇ 18 ಕೈಗಳ ನಟರಾಜ. ಎರಡನೆಯದು ವಿಷ್ಣುವಿನದು. ನಾಲ್ಕನೆಯದು ಜೈನರದು, ಅಲ್ಲಿ ಪಾರ್ಶ್ವನಾಥ, ಬಾಹುಬಲಿ ಇದ್ದಾರೆ. ನಾನು ನಿಮ್ಮನ್ನು ಜಾಸ್ತಿ ಹೊತ್ತು ನಿಲ್ಲಿಸುವುದು ಮೂರನೆಯದರಲ್ಲಿ. ಎಲ್ಲಕ್ಕಿಂತ ದೊಡ್ಡದು ಅದು, ಕೆತ್ತಿದ ಕಾಲವೂ ಖಚಿತವಾಗಿ ಗೊತ್ತು: ಶಕ 500, ಕಾರ್ತಿಕ ಹುಣ್ಣಿಮೆ. ಅಂದರೆ 578.

ಮಾಡಿಸಿದವನು ಮಂಗಲೇಶ. ಆಗ ರಾಜನಾಗಿದ್ದವನು ಅವನ ಅಣ್ಣ ಒಂದನೇ ಕೀರ್ತಿವರ್ಮ, ಬನವಾಸಿಯ ಕದಂಬರನ್ನು ಸೋಲಿಸಿದವನು. ಈ ಗುಡಿ ಮಾಡಿಸಿದ ಪುಣ್ಯವೆಲ್ಲ ನನ್ನ ಅಣ್ಣನಿಗೆ ಹೋಗಲಿ ಅಂತ ಮಂಗಲೇಶ ಸಂಸ್ಕೃತ ಶಾಸನದಲ್ಲಿ ಬರೆಸಿದ್ದಾನೆ. ಈ ಮಾತು ನೆನಪಿಟ್ಟುಕೊಳ್ಳಿ.

ಅದೇ ಗುಹೆಯ ಹೊರಗೆ ಒಂದು ಪುಟ್ಟ ಕನ್ನಡ ಶಾಸನವೂ ಇದೆ. ನನಗೆ ಇದು ಒಳಗಿನ ಶಾಸನಕ್ಕಿಂತ ಹತ್ತಿರ. ಮಂಗಲೇಶ ತನ್ನ "ಕಲ್ಮನೆ"ಗೆ, ಅಂದರೆ ಈ ಕಲ್ಲಿನ ಗುಡಿಗೆ, ಲಂಜಿಗೇಸರ ಎಂಬ ಊರನ್ನು ದತ್ತಿ ಬಿಟ್ಟಿದ್ದಾನೆ. ಅದರ ಆದಾಯದಲ್ಲಿ ದೇವರಿಗೆ ಹೂವು ಕಟ್ಟುವ ಮಾಲೆಗಾರರಿಗೂ ಪಾಲಿದೆ. ಕೊನೆಗೊಂದು ಎಚ್ಚರಿಕೆ: ಈ ದತ್ತಿಯನ್ನು ಯಾರು ಹಾಳು ಮಾಡುತ್ತಾರೋ ಅವರು ಪಂಚ ಮಹಾಪಾತಕ ಮಾಡಿದವರು, ಏಳನೆಯ ನರಕದ ಹುಳುಗಳಾಗುತ್ತಾರೆ. ಸಾವಿರದ ನಾನೂರು ವರ್ಷದ ಹಿಂದೆ ಈ ಮೆಟ್ಟಿಲ ಮೇಲೆ ಹೂವಿನ ಬುಟ್ಟಿ ಹಿಡಿದು ಬಂದವರ ಸಂಬಳದ ಲೆಕ್ಕ ಕನ್ನಡದಲ್ಲೇ ಇದೆ, ಅಲ್ವಾ? ಅವರಿಗೆ, ಊರವರಿಗೆ ತಿಳಿಯಬೇಕಾದ ವಿಷಯ ಅದು. ಅದಕ್ಕೇ ಕನ್ನಡದಲ್ಲಿ ಬರೆಸಿದ್ದಾರೆ ಅನ್ನುವುದು ನನ್ನ ಎಣಿಕೆ.

ಹಾಗೇ ತಲೆಯೆತ್ತಿ ನೋಡಿ. ಚಾವಣಿಯಲ್ಲಿ ತೊಲೆಗಳಿವೆ. ತೊಲೆಗೆ ಆಸರೆ ಕೊಟ್ಟ ಹಾಗೆ ಕಂಬದ ತಲೆಯಲ್ಲಿ ಗಂಡು ಹೆಣ್ಣಿನ ಜೋಡಿಗಳಿವೆ. ಆದರೆ ಇದು ಇಡೀ ಒಂದೇ ಬಂಡೆ. ಗುಡ್ಡದೊಳಗೆ ಕೊರೆದ ಕೋಣೆಗೆ ತೊಲೆ ಯಾಕೆ ಬೇಕು? ಭಾರ ಹೊರುವ ಕೆಲಸವೇ ಅದಕ್ಕಿಲ್ಲ. ಇದನ್ನು ಕೆತ್ತಿದವರ ಕಣ್ಣಲ್ಲಿ ಮರದ ಮನೆಗಳಿದ್ದವು. ಊರಿನ ದೊಡ್ಡ ಮನೆಗಳು, ಅರಮನೆ ಇವೆಲ್ಲ ಮರ, ಮಣ್ಣು, ಇಟ್ಟಿಗೆಯವು. ಅವು ಹೋದವು, ಕಲ್ಲಿನದು ಮಾತ್ರ ಉಳಿಯಿತು. "ಚಾಲುಕ್ಯರ ಅರಮನೆ ಎಲ್ಲಿ?" ಅಂತ ತುಂಬಾ ಜನ ಕೇಳುತ್ತಾರೆ. ಅದು ಹೇಗಿದ್ದಿರಬಹುದು ಅಂತ ತಿಳಿಯಲು ಈ ಗುಹೆಯ ಚಾವಣಿಗಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಚಾಚು ಸೂರಿನ ಒಳಬದಿಯಲ್ಲಿ ಬಣ್ಣದ ಚಿತ್ರಗಳ ಚೂರುಗಳೂ ಇವೆ. ಅರಮನೆಯಲ್ಲಿ ನೃತ್ಯ, ವಾದ್ಯ, ಕೂತು ನೋಡುವವರು. ಬಣ್ಣ ತುಂಬಾ ಮಾಸಿದೆ, ಕಣ್ಣು ಹೊಂದಿಕೊಳ್ಳುವವರೆಗೆ ಸ್ವಲ್ಪ ಕಾಯಬೇಕು.

[ದೃಶ್ಯ: ಐಹೊಳೆಯ ಮೇಗುತಿ ಗುಡಿ]

ಅಣ್ಣನಿಗೆ ಪುಣ್ಯ ಬಯಸಿದ ಮಂಗಲೇಶ ನೆನಪಿದ್ದಾನಲ್ಲ? ಕೀರ್ತಿವರ್ಮ ತೀರಿಕೊಂಡಾಗ ಅವನ ಮಗ ಇನ್ನೂ ಚಿಕ್ಕವನು. ಚಿಕ್ಕಪ್ಪ ಮಂಗಲೇಶ ಪಟ್ಟಕ್ಕೆ ಬಂದ. ಬರಬರುತ್ತಾ ರಾಜ್ಯವನ್ನು ತನ್ನ ಮಗನಿಗೇ ಕೊಡಲು ನೋಡಿದ. ಅಣ್ಣನ ಮಗ ದಂಡು ಕಟ್ಟಿಕೊಂಡು ಬಂದ, ಯುದ್ಧವಾಯಿತು, ಮಂಗಲೇಶ ಸತ್ತ. ಗೆದ್ದ ಆ ಹುಡುಗನೇ ಇಮ್ಮಡಿ ಪುಲಕೇಶಿ.

ಅವನ ಕಥೆ ಶಾಲೆಯಲ್ಲಿ ಓದಿದ್ದೀರಿ. ಉತ್ತರದ ದೊರೆ ಹರ್ಷವರ್ಧನನನ್ನು ನರ್ಮದೆಯಿಂದ ಈಚೆಗೆ ಬಿಡಲಿಲ್ಲ. ಪೂರ್ವದಲ್ಲಿ ವೆಂಗಿ ಗೆದ್ದು ತಮ್ಮ ವಿಷ್ಣುವರ್ಧನನಿಗೆ ಕೊಟ್ಟ, ಆ ಕವಲು ಬಾದಾಮಿ ಹೋದ ಮೇಲೂ ಶತಮಾನಗಳ ಕಾಲ ಆಳಿತು. ಐಹೊಳೆಯ ಮೇಗುತಿ ಗುಡಿಯಲ್ಲಿ 634ರಲ್ಲಿ ರವಿಕೀರ್ತಿ ಬರೆದ ಶಾಸನ ಇದನ್ನೆಲ್ಲ ಹೇಳುತ್ತದೆ. ಪಲ್ಲವ ರಾಜ ಕಂಚಿಯ ಕೋಟೆಗೋಡೆಯ ಹಿಂದೆ ಅಡಗಿದ ಅಂತಲೂ ಹೇಳುತ್ತದೆ.

ಈ ಕೊನೆಯ ಮಾತಿಗೆ ಬಾದಾಮಿ ಬೆಲೆ ತೆತ್ತಿತು. ಆ ಪಲ್ಲವ ರಾಜ ಮಹೇಂದ್ರವರ್ಮ. ಅವನ ಮಗ ನರಸಿಂಹವರ್ಮ, ಮಾಮಲ್ಲ ಅಂತ ಬಿರುದು. ಪುಲಕೇಶಿ ಮತ್ತೆ ಕಂಚಿಯ ಕಡೆ ದಂಡೆತ್ತಿ ಹೋದಾಗ ನರಸಿಂಹವರ್ಮ ಅವನನ್ನು ಹಿಮ್ಮೆಟ್ಟಿಸಿದ. ಆಮೇಲೆ ಬೆನ್ನಟ್ಟಿ ಬಾದಾಮಿಗೇ ಬಂದ. ಕೋಟೆ ಬಿತ್ತು. ಪುಲಕೇಶಿ ಆ ಯುದ್ಧದಲ್ಲೇ ಸತ್ತಿರಬೇಕು ಅನ್ನುತ್ತಾರೆ ಇತಿಹಾಸಕಾರರು. ನರಸಿಂಹವರ್ಮ "ವಾತಾಪಿಕೊಂಡ" ಅಂತ ಕರೆಸಿಕೊಂಡ. ತನ್ನ ಆಳ್ವಿಕೆಯ 13ನೇ ವರ್ಷದಲ್ಲಿ ಇಲ್ಲಿ ಶಾಸನ ಹಾಕಿಸಿದ.

[ದೃಶ್ಯ: ಪಲ್ಲವ ಶಾಸನದ ಸವೆದ ಅಕ್ಷರಗಳು]

ಆ ಶಾಸನ ಈಗ ಅಲ್ಲಲ್ಲಿ ಒಡೆದಿದೆ, ಅಕ್ಷರಗಳು ಹೋಗಿವೆ. ಆದರೂ ವಾತಾಪಿ, ಮಹಾಮಲ್ಲ ಅನ್ನೋ ಹೆಸರುಗಳು ಓದಲು ಸಿಕ್ಕಿವೆ. ಹದಿಮೂರು ವರ್ಷದ ಹೊತ್ತಿಗೆ, 655ರಲ್ಲಿ, ಪುಲಕೇಶಿಯ ಮಗ ಒಂದನೇ ವಿಕ್ರಮಾದಿತ್ಯ ರಾಜಧಾನಿಯನ್ನು ವಾಪಸ್ ಪಡೆದ. ಅದಾದ ಮೇಲೆ ಚಾಲುಕ್ಯರು ಇಲ್ಲಿ ಒಂದು ಶತಮಾನದ ಹತ್ತಿರ ಆಳಿದರು. ಕೈಯಲ್ಲಿ ಚಾಣ ಸುತ್ತಿಗೆ ಹಿಡಿದ ಶಿಲ್ಪಿಗಳು ಊರ ತುಂಬ ಇದ್ದರು. ಆದರೂ ಶತ್ರುವಿನ ಆ ಬಂಡೆಯನ್ನು ಪೂರಾ ಅಳಿಸಿ ಹಾಕಲಿಲ್ಲ. ಇದು ನನಗೆ ದೊಡ್ಡ ವಿಷಯ ಅನ್ನಿಸುತ್ತದೆ.

ಸೇಡು ತೀರಿಸಲಿಲ್ಲ ಅಂತಲ್ಲ. ತೀರಿಸಿದ ರೀತಿ ನೋಡಿ. ಮುಂದೆ ಇಮ್ಮಡಿ ವಿಕ್ರಮಾದಿತ್ಯ, 733ರಿಂದ 744ರವರೆಗೆ ಆಳಿದವನು, ಕಂಚಿಯನ್ನು ಗೆದ್ದ. ಊರನ್ನು ಸುಡಲಿಲ್ಲ. ಅಲ್ಲಿನ ಕೈಲಾಸನಾಥ ಗುಡಿಯ ಸಂಪತ್ತನ್ನು ನೋಡಿ, ಅದನ್ನು ದೇವರಿಗೇ ಬಿಟ್ಟುಕೊಟ್ಟ. ಆ ಗುಡಿಯ ಕಂಬದ ಮೇಲೆ ಹಾಗಂತ ಕನ್ನಡದಲ್ಲಿ ಬರೆಸಿದ. ತಮಿಳುನಾಡಿನ ಕಾಂಚೀಪುರಕ್ಕೆ ಹೋದರೆ ಆ ಕನ್ನಡ ಶಾಸನ ಹುಡುಕಿ ನೋಡಿ. ಪಲ್ಲವರ ಅಕ್ಷರ ಬಾದಾಮಿಯಲ್ಲಿ, ಚಾಲುಕ್ಯರ ಅಕ್ಷರ ಕಂಚಿಯಲ್ಲಿ. ಎರಡೂ ಊರು ಎರಡನ್ನೂ ಉಳಿಸಿಕೊಂಡಿವೆ.

[ದೃಶ್ಯ: ಕೆರೆಯ ಆಚೆ ಬದಿಯ ಕಡಿದಾದ ಬಂಡೆ]

ಈಗ ನನ್ನ ಪ್ರಕಾರ ಈ ಊರಿನ ಎಲ್ಲಕ್ಕಿಂತ ಮುಖ್ಯವಾದ ಬಂಡೆ. ಇದರಲ್ಲಿ ರಾಜರಿಲ್ಲ. ಸುಮಾರು 700ನೇ ಇಸವಿಯ ಹೊತ್ತಿನದು. ಕಪ್ಪೆ ಅರಭಟ್ಟ ಎಂಬ ವೀರನ ಬಗ್ಗೆ. ಶಿಷ್ಟರಿಗೆ ಬೇಕಾದವನು, ದುಷ್ಟರಿಂದ ದೂರ ಇರುವವನು ಅಂತ ಶುರುವಾಗುತ್ತದೆ. ಮಧ್ಯೆ ಒಂದು ಸಂಸ್ಕೃತ ಶ್ಲೋಕ: ಸಾವು ಒಂದು ಕ್ಷಣದ ದುಃಖ, ಮಾನ ಹೋದರೆ ದಿನದಿನವೂ ದುಃಖ. ಆಮೇಲೆ ಕನ್ನಡಕ್ಕೆ ತಿರುಗುತ್ತದೆ.

"ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
ಮಾಧವನೀತನ್ ಪೆರನಲ್ಲ"

ಒಳ್ಳೆಯವರಿಗೆ ಒಳ್ಳೆಯವನು, ಸವಿಯಾಗಿ ಬಂದವರಿಗೆ ಸವಿ, ಕಾಡುವ ಕಲಿಗೆ ಮಾತ್ರ ವಿಪರೀತನಾದವನು, ಇವನು ಸಾಕ್ಷಾತ್ ಮಾಧವನೇ. ಇದು ತ್ರಿಪದಿ. ನಮಗೆ ಸಿಕ್ಕಿರುವ ಕನ್ನಡದ ಅತಿ ಹಳೆಯ ತ್ರಿಪದಿಗಳು ಈ ಬಂಡೆಯ ಮೇಲಿನವೇ. ಸರ್ವಜ್ಞ ಬಳಸಿದ ಮಟ್ಟು, ಬೀಸುವ ಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳು ಹಾಡಿದ ಮಟ್ಟು. ಇನ್ನೊಂದು ಪದ್ಯದಲ್ಲಿ ಕಟ್ಟಿಹಾಕಿದ ಸಿಂಹದ ಮಾತು ಬರುತ್ತದೆ. ನಮಗೇನಾಗುತ್ತೆ ಬಿಡು ಅಂತ ಸಿಂಹವನ್ನು ಬಿಚ್ಚಿಬಿಟ್ಟವರ ಹಾಗೆ, ಇವನನ್ನು ಕೆಣಕಿದವರು ಹಿಂದುಮುಂದು ನೋಡದೆ ಕೆಟ್ಟರು, ಸತ್ತರು.

ಇದನ್ನು ಇನ್ನೊಬ್ಬರ ಮಾತಿನ ಜೊತೆ ಇಟ್ಟು ನೋಡಿ. ಇಮ್ಮಡಿ ಪುಲಕೇಶಿ ಆಳುತ್ತಿದ್ದಾಗ ಚೀನಾದ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಅವನ ರಾಜ್ಯಕ್ಕೆ ಬಂದಿದ್ದ. ಇಲ್ಲಿನ ಜನ ಸರಳ, ಪ್ರಾಮಾಣಿಕರು ಅಂತ ಬರೆದ. ಉಪಕಾರ ಮಾಡಿದವರನ್ನು ಮರೆಯರು, ಕಷ್ಟ ಅಂತ ಬಂದವರಿಗೆ ತಮ್ಮನ್ನೇ ಮರೆತು ನೆರವಾಗುತ್ತಾರೆ. ಆದರೆ ಅವಮಾನ ಮಾಡಿದರೆ ಪ್ರಾಣ ಕೊಟ್ಟಾದರೂ ಸೇಡು ತೀರಿಸುತ್ತಾರೆ, ಅದೂ ಮೊದಲೇ ಶತ್ರುವಿಗೆ ಎಚ್ಚರಿಕೆ ಕೊಟ್ಟು. ಸೋತು ಬಂದ ಸೇನಾಪತಿಗೆ ಬೇರೆ ಶಿಕ್ಷೆಯಿಲ್ಲ, ಹೆಂಗಸರ ಬಟ್ಟೆ ಕೊಡುತ್ತಾರೆ, ಅವನು ಆ ಅವಮಾನಕ್ಕೆ ತಾನೇ ಸಾಯುತ್ತಾನೆ.

ಯಾತ್ರಿಕ ಇಡೀ ರಾಜ್ಯದ ಜನರ ಬಗ್ಗೆ ಹೇಳಿದ್ದು. ಅರಭಟ್ಟನ ಬಂಡೆ ಅವನು ಬಂದು ಹೋಗಿ ಅರ್ಧ ಶತಮಾನದ ಮೇಲೆ ಕೆತ್ತಿದ್ದು. ಒಬ್ಬ ಹೊರಗಿನವನು, ಇನ್ನೊಬ್ಬ ಈ ಮಣ್ಣಿನ ಕವಿ. ಇಬ್ಬರೂ ಹೇಳಿದ್ದು ಒಂದೇ. ಒಳ್ಳೆಯತನಕ್ಕೆ ಒಳ್ಳೆಯತನ, ಮಾನಕ್ಕಿಂತ ದೊಡ್ಡದಿಲ್ಲ, ಕೆಣಕಿದರೆ ಬಿಡುವುದಿಲ್ಲ. ಕಂಚಿ ಗೆದ್ದೂ ಗುಡಿಯ ಹೊನ್ನು ಮುಟ್ಟದ ರಾಜ ಇದೇ ಜನರ ರಾಜ.

[ದೃಶ್ಯ: ಗುಡ್ಡದ ಮೇಲಿನ ಬುರುಜು, ಫಿರಂಗಿ]

ಸುಮಾರು 753ರಲ್ಲಿ ರಾಷ್ಟ್ರಕೂಟರ ದಂತಿದುರ್ಗ ಚಾಲುಕ್ಯರನ್ನು ಇಳಿಸಿದ. ಬಾದಾಮಿ ಮತ್ತೆ ಸಾಮ್ರಾಜ್ಯದ ರಾಜಧಾನಿಯಾಗಲಿಲ್ಲ. ಆದರೆ ಕೋಟೆ ಬೇಡ ಅಂದವರು ಯಾರೂ ಇಲ್ಲ: ವಿಜಯನಗರದವರು, ಆದಿಲ್ ಶಾಹಿಗಳು, ಮರಾಠರು, ಟಿಪ್ಪು, ಕೊನೆಗೆ 1818ರಲ್ಲಿ ಬ್ರಿಟಿಷರು. ಗುಡ್ಡದ ಮೇಲೆ ಕಾಣುವ ಬುರುಜು, ಫಿರಂಗಿ ಈ ನಂತರದವರ ಕಾಲದವು, ಚಾಲುಕ್ಯರವಲ್ಲ.

ಹೋಗುವವರಿಗೆ ಒಂದೆರಡು ಮಾತು. ರೈಲು ನಿಲ್ದಾಣ ಊರಿನಿಂದ ಸುಮಾರು 5 ಕಿಲೋಮೀಟರ್ ಆಚೆ. ಗುಹೆಗಳ ಹತ್ತಿರ ಕೋತಿಗಳ ಕಾಟ ಜಾಸ್ತಿ, ತಿನ್ನೋ ಚೀಲ ಕೈಯಲ್ಲಿ ಹಿಡಿದು ಹತ್ತಬೇಡಿ. ಬೆಳಗ್ಗೆ ಗುಹೆ ಮುಗಿಸಿ, ಮಧ್ಯಾಹ್ನದ ಊಟಕ್ಕೆ ಬನಶಂಕರಿಗೆ ಹೋಗಿ, ಐದು ಕಿಲೋಮೀಟರ್ ಅಷ್ಟೇ. ಗುಡಿಯ ಹತ್ತಿರ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಕಾಳು ಪಲ್ಯ, ಕೆಂಪು ಚಟ್ನಿ, ಗಟ್ಟಿ ಮೊಸರು ತಂದಿರುತ್ತಾರೆ. ಬನದ ಹುಣ್ಣಿಮೆಯ ಜಾತ್ರೆಗೆ ಹೋದರೆ ನಾಟಕ ಕಂಪನಿಗಳೂ ಇರುತ್ತವೆ, ರಾತ್ರಿ ಉಳಿದುಕೊಳ್ಳಿ. ಮತ್ತೆ ಊರಿಗೆ ಬಂದು ಸಂಜೆಗೆ ಮುಂಚೆ ಕೆರೆಯ ದಂಡೆ ಹಿಡಿದು ಭೂತನಾಥ ಗುಡಿಯ ಕಡೆ ನಡೆಯಿರಿ, ಅರಭಟ್ಟನ ಬಂಡೆ ಎಲ್ಲಿ ಅಂತ ಸ್ಥಳೀಯರನ್ನು ಕೇಳಿ. ಉತ್ತರದ ಮಾಲೆಗಿತ್ತಿ ಶಿವಾಲಯವನ್ನೂ ಬಿಡಬೇಡಿ.

ಮುಂದಿನ ವಿಡಿಯೋ ಪಟ್ಟದಕಲ್ಲಿನದು. ಕಂಚಿಯ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿ ಅಲ್ಲಿದೆ. ಅದನ್ನು ಕಟ್ಟಿದ ಶಿಲ್ಪಿ ಗುಂಡನಿಗೆ ಸಿಕ್ಕ ಬಿರುದುಗಳ ಶಾಸನದಿಂದ ಅಲ್ಲಿ ಶುರು ಮಾಡೋಣ.