ಮಾಂಸದ ಬಾತುಕೋಳಿಗೆ ಎಷ್ಟು ಪ್ರೊಟೀನ್? ಮೊದಲು ಶಕ್ತಿಯ ಲೆಕ್ಕ ಹಾಕಿ

[ದೃಶ್ಯ: ಫೀಡ್ ಚೀಲದ ಲೇಬಲ್, ಹತ್ತಿರದಿಂದ]

ಫೀಡ್ ಚೀಲ ಕೈಗೆ ಬಂದ ತಕ್ಷಣ ನಾವು ಏನು ನೋಡ್ತೀವಿ? ಪ್ರೊಟೀನ್ ಶೇಕಡಾ ಎಷ್ಟು ಅಂತ. 18 ಇದ್ರೆ ಪರವಾಗಿಲ್ಲ, 22 ಇದ್ರೆ ಭಾರಿ ಒಳ್ಳೇದು! ಆದ್ರೆ ದಿನಕ್ಕೆ ಎಷ್ಟು ಪ್ರೊಟೀನ್ ಬಾತಿನ ಹೊಟ್ಟೆ ಸೇರುತ್ತೆ ಅನ್ನೋದು ಆ ಒಂದು ಅಂಕಿಯಿಂದ ಗೊತ್ತಾಗೋದೇ ಇಲ್ಲ.

ಯಾಕಂದ್ರೆ ಬಾತುಕೋಳಿ ತಿನ್ನೋದು ಮುಖ್ಯವಾಗಿ ಶಕ್ತಿಗೋಸ್ಕರ. ಮೈಗೆ ಬೇಕಾದಷ್ಟು ಕ್ಯಾಲೊರಿ ಸಿಗೋ ತನಕ ತಿನ್ನುತ್ತೆ, ಸಿಕ್ಕ ಮೇಲೆ ಕೊಕ್ಕು ಎತ್ತುತ್ತೆ. ಫೀಡಲ್ಲಿ ಶಕ್ತಿ ಕಡಿಮೆ ಇದ್ರೆ ಇನ್ನಷ್ಟು ತಿಂದು ಸರಿದೂಗಿಸಿಕೊಳ್ಳುತ್ತೆ.

[ಪರದೆ ಮೇಲೆ ಲೆಕ್ಕ]

ಒಂದು ಬಾತಿಗೆ ದಿನಕ್ಕೆ 600 ಕಿಲೋಕ್ಯಾಲೊರಿ ಬೇಕು ಅಂತಿಟ್ಕೊಳ್ಳಿ. ಕಿಲೋಗೆ 3000 ಕಿಲೋಕ್ಯಾಲೊರಿ ಇರೋ ಫೀಡ್ ಆದ್ರೆ 200 ಗ್ರಾಂ ತಿನ್ನುತ್ತೆ. ಅದರಲ್ಲಿ 18 ಪರ್ಸೆಂಟ್ ಪ್ರೊಟೀನ್ ಅಂದ್ರೆ 36 ಗ್ರಾಂ. ಈಗ ತೌಡು ಸುರಿದು ಶಕ್ತಿ 2500ಕ್ಕೆ ಇಳಿಸಿದ್ರಿ, ಪ್ರೊಟೀನ್ ಅದೇ 18. ಬಾತು 240 ಗ್ರಾಂ ತಿನ್ನುತ್ತೆ, ಪ್ರೊಟೀನ್ 43 ಗ್ರಾಂ ಆಯ್ತು. ಚೀಲದ ಮೇಲಿನ ಅಂಕಿ ಒಂದೇ, ಹೊಟ್ಟೆಗೆ ಹೋಗಿದ್ದು ಬೇರೆ.

ಈ 7 ಗ್ರಾಂ ಲಾಭ ಅಂದ್ಕೋಬೇಡಿ. ಮೈಗೆ ಬೇಡದ ಪ್ರೊಟೀನನ್ನ ದೇಹ ಒಡೆದು, ಸಾರಜನಕವನ್ನ ಯೂರಿಕ್ ಆಮ್ಲ ಮಾಡಿ ಹೊರಗೆ ಹಾಕುತ್ತೆ. ಆ ಕೆಲಸಕ್ಕೂ ಶಕ್ತಿ ಖರ್ಚು. ಮೊದಲೇ ಬಾತು ನೀರು ಚೆಲ್ಲೋ ಜೀವಿ. ಲಿಟರ್, ಅಂದ್ರೆ ಶೆಡ್ ನೆಲಕ್ಕೆ ಹಾಸಿದ ಹೊಟ್ಟು, ಇನ್ನಷ್ಟು ಒದ್ದೆಯಾಗಿ ಅಮೋನಿಯಾ ವಾಸನೆ ಏಳುತ್ತೆ.

ಉಲ್ಟಾ ಆದ್ರೆ? ಎಣ್ಣೆ, ಮೆಕ್ಕೆಜೋಳ ಜಾಸ್ತಿ ಆಗಿ ಪ್ರೊಟೀನ್ ಹಿಂದೆ ಬಿದ್ರೆ, ಬಾತು ಬೇಗ ತಿನ್ನೋದು ನಿಲ್ಲಿಸುತ್ತೆ. ಮಾಂಸ ಕಟ್ಟೋಕೆ ಸಾಮಗ್ರಿ ಸಾಲದೆ, ಉಳಿದ ಶಕ್ತಿ ಚರ್ಮದ ಕೆಳಗೆ ಕೊಬ್ಬಾಗಿ ಕೂರುತ್ತೆ. ತಕ್ಕಡಿಯಲ್ಲಿ ತೂಕ ಚೆನ್ನಾಗೇ ಕಾಣುತ್ತೆ, ಮೋಸ ಗೊತ್ತಾಗೋದು ಕೊಯ್ದ ಮೇಲೆ.

[ದೃಶ್ಯ: ಮರಿ, ಪಕ್ಕದಲ್ಲಿ ಬೆಳೆದ ಬಾತು]

ಹಾಗಾದ್ರೆ ಎಷ್ಟಿರಬೇಕು? ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 1994ರಲ್ಲಿ ಬಿಳಿ ಪೆಕಿನ್ ಅನ್ನೋ ಮಾಂಸದ ತಳಿಯ ಬಾತಿಗೆ ಕೊಟ್ಟ ಅಂಕಿ ಹೀಗಿದೆ: ಮೊದಲ 2 ವಾರ 22 ಪರ್ಸೆಂಟ್ ಪ್ರೊಟೀನ್, ಕಿಲೋ ಫೀಡಿಗೆ 2900 ಕಿಲೋಕ್ಯಾಲೊರಿ. 2ರಿಂದ 7 ವಾರ 16 ಪರ್ಸೆಂಟ್, 3000. ಭಾಗಿಸಿ ನೋಡಿ: ಪ್ರೊಟೀನಿನ ಒಂದೊಂದು ಪರ್ಸೆಂಟಿಗೆ ಮರಿಗೆ ಸುಮಾರು 132 ಕಿಲೋಕ್ಯಾಲೊರಿ, ದೊಡ್ಡದಕ್ಕೆ 188. ನಾನಂತೂ ಚೀಲದ ಮೇಲೆ ಈ ಅನುಪಾತವನ್ನೇ ಅಚ್ಚು ಹಾಕಬೇಕಿತ್ತು ಅಂತೀನಿ.

9 ಪರ್ಸೆಂಟ್ ಪ್ರೊಟೀನಿನ ಮೆಕ್ಕೆಜೋಳ, 44ರ ಸೋಯಾ ಹಿಂಡಿ ತಗೊಳ್ಳಿ. 22 ಬರಬೇಕಾದ್ರೆ ಜೋಳ 63 ಪಾಲು, ಹಿಂಡಿ 37. 16ಕ್ಕೆ ಜೋಳ 80, ಹಿಂಡಿ 20. ಹಿಂಡಿ ಇಳಿಸಿ ಜೋಳ ಏರಿಸಿದ ಹಾಗೆ ಶಕ್ತಿ ತಾನಾಗೇ ಮೇಲೇರುತ್ತೆ. ಇದರ ಮೇಲೆ ಖನಿಜ, ವಿಟಮಿನ್ ಬೇಕೇ ಬೇಕು. ಅದರಲ್ಲೂ ನಯಾಸಿನ್ ಅನ್ನೋ ವಿಟಮಿನ್ ಮರೀಬೇಡಿ, ಇಲ್ಲದಿದ್ರೆ ಮರಿಗಳ ಕಾಲು ಸೊಟ್ಟಗಾಗುತ್ತೆ.

ಇನ್ನೊಂದು ಮಾತು. ಪ್ರೊಟೀನ್ ಅಂದ್ರೆ ಒಂದೇ ವಸ್ತು ಅಲ್ಲ, ಅಮೈನೋ ಆಮ್ಲಗಳ ಗುಂಪು. ಸೋಯಾದಲ್ಲಿ ಲೈಸೀನ್ ಧಾರಾಳ, ಮಿಥಿಯೋನೀನ್ ಕೊರತೆ. ಆ ಮಿಥಿಯೋನೀನನ್ನ ಬೇರೆಯಾಗಿ ಒಂದಿಷ್ಟು ಸೇರಿಸಿದ್ರೆ ಒಟ್ಟು ಪ್ರೊಟೀನ್ ಸ್ವಲ್ಪ ಇಳಿಸಿದ್ರೂ ನಡೆಯುತ್ತೆ. ಆದ್ರೆ ಕೊನೇ ವಾರಗಳಲ್ಲಿ ಸಿಕ್ಕಾಪಟ್ಟೆ ಕಡಿಮೆ ಮಾಡೋದು ಬೇಡ. ಬಾತಿನ ಕಾಲು ಮೊದಲು ಬೆಳೆಯುತ್ತೆ, ಎದೆ ಮಾಂಸ ತುಂಬೋದು ಕೊನೆಯಲ್ಲೇ.

ಬಿಸಿಲು ಕಾಲದಲ್ಲಿ ತಿನ್ನೋದೇ ಕಡಿಮೆ, ಆಗ ಪ್ರತಿ ತುತ್ತಲ್ಲೂ ಅಮೈನೋ ಆಮ್ಲ ಗಟ್ಟಿಯಾಗಿರಬೇಕು. ಚಳಿಗೆ ಇನ್ನೂ ಜಾಸ್ತಿ ಶಕ್ತಿ ಕೇಳುತ್ತೆ.

[ದೃಶ್ಯ: ಕೊಕ್ಕಿಗೆ ಮೆತ್ತಿದ ಹಿಟ್ಟು]

ಫೀಡನ್ನ ಒಣ ಹಿಟ್ಟಾಗಿ ಹಾಕಬೇಡಿ. ಒದ್ದೆ ಕೊಕ್ಕಿಗೆ ಮೆತ್ತಿಕೊಳ್ಳುತ್ತೆ, ಬಾತು ಹೋಗಿ ನೀರಿನ ತೊಟ್ಟಿಯಲ್ಲಿ ಕೊಕ್ಕು ತೊಳೆಯುತ್ತೆ. ಪೆಲೆಟ್, ಅಂದ್ರೆ ಒತ್ತಿ ಮಾಡಿದ ಗುಳಿಗೆ ಫೀಡ್ ಹಾಕಿ, ಇಲ್ಲಾಂದ್ರೆ ಈವರೆಗೆ ಹಾಕಿದ ಲೆಕ್ಕವೆಲ್ಲ ಆ ತೊಟ್ಟಿಯ ತಳದಲ್ಲೇ ಸಿಗೋದು.