ಆ ಉಗ್ಗ ಸತ್ತಿಲ್ಲ

ನಮಸ್ಕಾರ. ಇಂದು ಬೇರೆಯೇ ವಿಷಯ ಸಿದ್ಧವಾಗಿತ್ತು. ಆದರೆ ಕಳೆದ ಸಂಚಿಕೆಗೆ ಒಬ್ಬರು ಹೀಗೆ ಬರೆದಿದ್ದಾರೆ: 'ಸರ್, ಹಳೆಯ ಉಗ್ಗ ಸತ್ತ, ಹೊಸ ಮನುಷ್ಯ ಹುಟ್ಟಿದ. ಅಭಿನಂದನೆ.' ಮೆಚ್ಚಿಯೇ ಬರೆದದ್ದು. ಆದರೂ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಯಾರೂ ಸತ್ತಿಲ್ಲ, ಸ್ವಾಮಿ.

ಬನಶಂಕರಿಗೆ ಟಿಕೆಟ್ ಕೇಳಲು 'ಬ' ಹೊರಡದೆ ತುಟಿ ಬಿಗಿದುಕೊಂಡು, 'ಜಯನಗರ' ಎಂದು ಹೇಳಿ, ಅಲ್ಲೇ ಇಳಿದು ಉಳಿದ ದಾರಿ ನಡೆದ ಹುಡುಗ ನಾನು. ಅಜ್ಜಿ ಬಜೆ ತೇಯ್ದು ನಾಲಿಗೆಗೆ ಹಚ್ಚಿದ್ದರು. ಉಗ್ಗು ನಿಲ್ಲಲಿಲ್ಲ, ಅಡಗಿಸುವುದನ್ನು ಮಾತ್ರ ನಾನು ಚೆನ್ನಾಗಿ ಕಲಿತೆ.

ಚಿಕಿತ್ಸೆಯಲ್ಲಿ ಮೊದಲು ಕಲಿಸಿದ್ದು ಉಸಿರನ್ನು ಮೆಲ್ಲಗೆ ಬಿಟ್ಟು, ಪದವನ್ನು ಎಳೆದು ಆರಂಭಿಸುವುದು. ಮನೆಯಲ್ಲಿ ಹಾಗೆ ಮಾತನಾಡಿದಾಗ ಅಮ್ಮ, 'ಯಾರ ದನಿಯೋ ಇದು' ಎಂದರು. ನನಗೂ ಹಾಗೆಯೇ ಅನಿಸಿತ್ತು. ಮಾತು ನಿರರ್ಗಳವಾಗಿತ್ತು, ಅದರೊಳಗೆ ನಾನಿರಲಿಲ್ಲ.

ನಾನು ಬದಲಾದದ್ದು ಬೇಕೆಂದೇ ಉಗ್ಗಿದಾಗ! ಅಮೆರಿಕದ ವಾಕ್ ಚಿಕಿತ್ಸಕ ಚಾರ್ಲ್ಸ್ ವ್ಯಾನ್ ರೈಪರ್ ಸ್ವತಃ ಉಗ್ಗುತ್ತಿದ್ದವರು. ಬಚ್ಚಿಡಬೇಡಿ, ಬಿಗಿಯಿಲ್ಲದೆ ಸಲೀಸಾಗಿ ಉಗ್ಗಿ ಎನ್ನುವ ದಾರಿ ಅವರದು. ಅದರಂತೆ ಅಂಗಡಿಯವನ ಕಣ್ಣನ್ನೇ ನೋಡುತ್ತಾ 'ಬ-ಬ-ಬೆಲ್ಲ' ಎಂದೆ. ಆತ ಅರ್ಧ ಕಿಲೋ ತೂಗಿ ಕಟ್ಟಿಕೊಟ್ಟು ಮುಂದಿನವರತ್ತ ತಿರುಗಿದ. ಇಪ್ಪತ್ತು ವರ್ಷ ನಾನು ಹೆದರಿದ್ದು ಇದಕ್ಕೆ. ಆ ಬೆಲ್ಲವನ್ನು ಹೊತ್ತು ಮನೆಗೆ ಬಂದವನು ಹೊಸಬನಲ್ಲ, ಅದೇ ಹುಡುಗ. ಕೇಳಿಸಿತೇ? ಅದೇ ಹುಡುಗ!

'ಉಗ್ಗು ಉಳಿಯುವುದಾದರೆ ಚಿಕಿತ್ಸೆ ಏಕೆ?' ಎಂದು ಕೇಳುವವರಿದ್ದಾರೆ. ಬನಶಂಕರಿಯಲ್ಲೇ ಇಳಿಯುವುದಕ್ಕೆ! 'ಆತ್ಮವಿಶ್ವಾಸ ಇದ್ದರೆ ಉಗ್ಗು ಬಾರದು' ಎನ್ನುವವರಿಗೆ ಉತ್ತರ ಕೊಟ್ಟು ಸಾಕಾಗಿದೆ. ಮಾತನ್ನು ನಡೆಸುವ ಮಿದುಳಿನ ಜಾಲಕ್ಕೂ ವಂಶವಾಹಿಗೂ ಸಂಬಂಧಿಸಿದ್ದನ್ನು ಧೈರ್ಯದ ಕೊರತೆ ಎನ್ನುವವರ ಜೊತೆ ವಾದವೇ ಬೇಡ.

ಎಲ್ಲಿಗೆ ಹೋಗಬೇಕೆಂದು ಅನೇಕರು ಕೇಳುತ್ತೀರಿ. ಮೈಸೂರಿನ ಮಾನಸ ಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಮಕ್ಕಳನ್ನು ಕರೆದುಕೊಂಡು ಹೋಗಿ. ಈ ಚಾನೆಲ್‌ಗೆ ಚಂದಾದಾರರಾಗಿ, ಉಗ್ಗುವ ಗೆಳೆಯರಿಗೆ ಇದನ್ನು ಕಳುಹಿಸಿ. ಮುಂದಿನ ವಾರ ದೂರವಾಣಿಯ ಭಯದ ಬಗ್ಗೆ ಮಾತನಾಡುತ್ತೇನೆ.

ಇನ್ನೊಂದು ಮಾತು. ಇಂದು ನನ್ನ ಮಾತು ಎಲ್ಲೆಲ್ಲಿ ತಡೆಯಿತೋ ಅಲ್ಲೆಲ್ಲ ಕತ್ತರಿ ಆಡಿಸಿಲ್ಲ. ಅಭಿನಂದನೆ ಬರೆದವರೇ, ಅದನ್ನು ಆ ಉಗ್ಗನಿಗೇ ಹೇಳಿ. ಇಷ್ಟು ಹೊತ್ತು ನಿಮ್ಮೊಡನೆ ಮಾತನಾಡಿದವನು ಅವನೇ.