ಬರ್ಕೊಂಡು ಹೋದದ್ದು ಎಂತ ಆಯ್ತು?

(ಮುಂಬಯಿಯ ಕನ್ನಡ ಸಂಘವೊಂದರಲ್ಲಿ ವಾಣಿಜ್ಯಶಾಸ್ತ್ರದ ಅಧ್ಯಾಪಕರೊಬ್ಬರು ನೀಡಿದ ಉಪನ್ಯಾಸ)

ಸಭೆಯಲ್ಲಿರುವ ಹಿರಿಯರೇ, ಅಕ್ಕಂದಿರೇ, ಅಣ್ಣಂದಿರೇ, ಹಿಂದಿನ ಸಾಲಿನಲ್ಲಿ ಕೂತಿರುವ ಕಾಲೇಜು ಮಕ್ಕಳೇ, ಎಲ್ಲರಿಗೂ ನಮಸ್ಕಾರ.

ಇವತ್ತು ಭಾನುವಾರ. ಸೆಂಟ್ರಲ್ ಲೈನಿನಲ್ಲಿ ಮೆಗಾ ಬ್ಲಾಕ್, ಅಂದರೆ ಹಳಿ ರಿಪೇರಿಗಾಗಿ ಲೋಕಲ್ ರೈಲು ಕಡಿಮೆ. ಆದರೂ ಡೊಂಬಿವಲಿಯಿಂದ, ಠಾಣೆಯಿಂದ ನೀವು ಬಂದಿದ್ದೀರಿ. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ. ವಿಶ್ವವಿದ್ಯಾಲಯದ ವಾಣಿಜ್ಯ ವಿಭಾಗದಲ್ಲಿ ಏನು ಕೆಲಸ ನಡೆಯುತ್ತದೆ, ಅದರಿಂದ ನಮಗೇನು ಅಂತ ಮಾತಾಡಿ ಎಂದು ಸಂಘದವರು ಕೇಳಿದರು. ಈ 'ನಮಗೇನು' ಎಂಬ ಪ್ರಶ್ನೆಯನ್ನು ನನಗೆ ಮೊದಲು ಕೇಳಿದವರು ಒಬ್ಬ ಹೋಟೆಲಿನ ಅಣ್ಣ. ಅಲ್ಲಿಂದಲೇ ಶುರು ಮಾಡುತ್ತೇನೆ.

ನನ್ನ ಪಿಎಚ್.ಡಿ. ವಿಷಯ ಸಣ್ಣ ಹೋಟೆಲುಗಳ ಹಣಕಾಸು. ಪ್ರಶ್ನೆಗಳ ಹಾಳೆ ಹಿಡಿದು ಫೋರ್ಟಿನಿಂದ ಮುಲುಂಡಿನವರೆಗೆ ಓಡಾಡಿದೆ. ಹೋಗುತ್ತಿದ್ದದ್ದು ಮಧ್ಯಾಹ್ನ ಮೂರು ಗಂಟೆಯ ಮೇಲೆ. ಊಟದ ಗಿರಾಕಿ ಮುಗಿದಿರುತ್ತದೆ, ಸಂಜೆಯ ಚಹಾ ಇನ್ನೂ ಶುರುವಾಗಿರುವುದಿಲ್ಲ. ಹೋಟೆಲಿನವರಿಗೆ ಕಾಲು ಚಾಚಿ ಕೂರಲು ಇಡೀ ದಿನದಲ್ಲಿ ಸಿಗುವುದು ಅದೊಂದೇ ಹೊತ್ತು. ಆ ಹೊತ್ತನ್ನು ಅವರು ನನಗೆ ಕೊಟ್ಟರು. ಕುಂದಾಪುರ ಕಡೆಯ ಒಬ್ಬರಂತೂ ಮೂರು ದಿನ ಪಕ್ಕದಲ್ಲಿ ಕೂರಿಸಿಕೊಂಡು ತಮ್ಮ ಉದ್ರಿ ಪುಸ್ತಕವನ್ನೇ ತೆರೆದು ತೋರಿಸಿದರು. ಉದ್ರಿ ಪುಸ್ತಕ ತೋರಿಸುವುದು ಎಂದರೆ ಮನೆಯ ಕಷ್ಟ ಹೇಳಿಕೊಂಡ ಹಾಗೆ, ಅಲ್ವಾ?

ಪ್ರಬಂಧ ಮುಗಿಯಿತು. ಕಪ್ಪು ಬೈಂಡಿಂಗ್, ಮೇಲೆ ಚಿನ್ನದ ಬಣ್ಣದ ಅಕ್ಷರ. ಅದು ಗ್ರಂಥಾಲಯದ ಕಪಾಟು ಸೇರಿತು. ಆರು ವರ್ಷ ಆದ ಮೇಲೆ ಒಂದು ಸಂಜೆ ಅದೇ ಗಲ್ಲಿಯಲ್ಲಿ ನಡೆದು ಹೋಗುತ್ತಿದ್ದೆ. ಗಲ್ಲಾದ ಮೇಲೆ ಕೂತಿದ್ದ ಆ ಕುಂದಾಪುರ ಕಡೆಯ ಅಣ್ಣ ಗುರುತು ಹಿಡಿದು ಕರೆದರು. ಚಹಾ ತರಿಸಿದರು. ಆಮೇಲೆ ಕೇಳಿದರು: "ಮಾಷ್ಟ್ರೇ, ಅವತ್ತು ಅಷ್ಟೆಲ್ಲ ಬರ್ಕೊಂಡು ಹೋದ್ರಲ್ಲ, ಅದು ಎಂತ ಆಯ್ತು?"

ಅವರ ದನಿಯಲ್ಲಿ ಕೋಪ ಇರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು, ಅಷ್ಟೆ. ನನಗೆ ಆ ಪ್ರಬಂಧದಿಂದ ಪದವಿ ಸಿಕ್ಕಿತ್ತು, ಬಡ್ತಿ ಸಿಕ್ಕಿತ್ತು. ಅವರಿಗೆ ಒಂದು ಹಾಳೆಯೂ ಸಿಕ್ಕಿರಲಿಲ್ಲ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮುಂದಿನ ವಾರ ಕೂತು ಎರಡು ಪುಟ ಬರೆದೆ. ಕನ್ನಡದಲ್ಲಿ ಬರೆದೆ. ಮುನ್ನೂರು ಪುಟದಲ್ಲಿ ಹೇಳಿದ್ದನ್ನು ಎರಡು ಪುಟಕ್ಕೆ ಇಳಿಸುವುದು ಪ್ರಬಂಧ ಬರೆಯುವುದಕ್ಕಿಂತ ಕಷ್ಟವಾಯಿತು. ಅದರಲ್ಲಿದ್ದ ಮುಖ್ಯ ಮಾತು ಇಷ್ಟೇ: ರಾತ್ರಿ ಗಲ್ಲಾದಲ್ಲಿ ಇರುವ ಹಣ ಎಲ್ಲಾ ನಿಮ್ಮದಲ್ಲ.

ಒಂದು ಉದಾಹರಣೆ ತಗೊಳ್ಳಿ. ದಿನಕ್ಕೆ 20,000 ರೂಪಾಯಿ ವ್ಯಾಪಾರ ಆಯಿತು ಅಂದುಕೊಳ್ಳಿ. ಬಿಲ್ಲಿನಲ್ಲಿ 5% ಜಿಎಸ್‌ಟಿ ಸೇರಿದೆ. ಅಂದರೆ ಸುಮಾರು 950 ರೂಪಾಯಿ ಸರ್ಕಾರದ್ದು. ಬಾಡಿಗೆ ತಿಂಗಳಿಗೆ 90,000. ಹಾಗಾದರೆ ಇವತ್ತಿನ ಪಾಲು 3,000. ಜಾಗದ ಮಾಲೀಕರು ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ ಅದರ ಮೇಲೆ 18%, ಇನ್ನೂ 540. ಬೇರೆ ವ್ಯಾಪಾರಿಗಳು ತಾವು ಕೊಟ್ಟ ಜಿಎಸ್‌ಟಿಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. 2017ರ ನವೆಂಬರಿನಲ್ಲಿ ಹೋಟೆಲು ಊಟದ ತೆರಿಗೆಯನ್ನು 5 ಪ್ರತಿಶತಕ್ಕೆ ಇಳಿಸಿದಾಗ ಹೋಟೆಲಿನವರಿಗೆ ಆ ಅನುಕೂಲ ಹೋಯಿತು. ಗಿರಾಕಿಗೆ ಬಿಲ್ಲು ಕಡಿಮೆಯಾಯಿತು, ನಿಜ. ಆದರೆ ಆ 540 ರೂಪಾಯಿ ಈಗ ಹೋಟೆಲಿನ ಖರ್ಚು. ಇನ್ನು ಹಾಲಿನವನಿಗೆ ವಾರಕ್ಕೊಮ್ಮೆ, ಕಿರಾಣಿಗೆ ತಿಂಗಳಿಗೊಮ್ಮೆ ಕೊಡುವುದು. ಹುಡುಗರ ಸಂಬಳ, ಕರೆಂಟು ಬಿಲ್ಲು. ಇವೆಲ್ಲಾ ಒಂದೇ ಗಲ್ಲಾದಲ್ಲಿ ಬೆರೆತು ಕೂತಿರುತ್ತವೆ. ಮನೆಯಲ್ಲಿ ಮದುವೆ ಬಂತು, ಊರಿನಲ್ಲಿ ದೈವದ ಕೋಲ ಬಂತು ಅಂತ ಕೈ ಹಾಕುತ್ತೇವೆ. ತಿಂಗಳ ಮೂರನೇ ವಾರ ಸಾಲಕ್ಕೆ ಓಡುತ್ತೇವೆ. ವ್ಯಾಪಾರ ಚೆನ್ನಾಗಿ ನಡೆಯುತ್ತಿದ್ದ ಹೋಟೆಲುಗಳೂ ಹೀಗೆ ಸೋತದ್ದನ್ನು ನಾನು ನೋಡಿದ್ದೇನೆ.

ಅಣ್ಣ ಆ ಎರಡು ಪುಟ ಓದಿದರು. ಮೂರು ಸ್ಟೀಲ್ ಡಬ್ಬ ತರಿಸಿ ಬಾಡಿಗೆ, ತೆರಿಗೆ, ಹಾಲು-ಕಿರಾಣಿ ಅಂತ ಚೀಟಿ ಅಂಟಿಸಿದರು. ಆಫೀಸುಗಳ ಉದ್ರಿ ಲೆಕ್ಕವನ್ನು ತಿಂಗಳಿಗೊಮ್ಮೆ ಬದಲು ಹದಿನೈದು ದಿನಕ್ಕೊಮ್ಮೆ ಮಾಡಿದರು.

ಇನ್ನೊಂದು ಸಂಗತಿ ಹೇಳಲೇಬೇಕು. ಅವರ ಮಗಳು ಆಗ ಬಿ.ಕಾಂ. ಎರಡನೇ ವರ್ಷ. ಅವಳು ನನ್ನ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಒಂದು ಸಾಲು ಬರೆದಿದ್ದಳು. "ಸರ್, 19 ಕೆಜಿ ಗ್ಯಾಸ್ ಸಿಲಿಂಡರಿನ ಮೇಲೂ 18% ಇದೆ. ಅದೂ ವಾಪಸ್ ಬರುವುದಿಲ್ಲ. ನೀವು ಬಿಟ್ಟಿದ್ದೀರಿ." ಹೌದು, ಬಿಟ್ಟಿದ್ದೆ. ವಿಶ್ವವಿದ್ಯಾಲಯದಲ್ಲಿ ಎಷ್ಟೋ ಜನ ನೋಡಿದ ಬರಹದಲ್ಲಿ ಇಲ್ಲದ್ದನ್ನು ಅಡುಗೆಮನೆಯ ಪಕ್ಕ ಕೂತು ಓದಿದ ಹುಡುಗಿ ಹಿಡಿದಳು. ಸಂಶೋಧನೆ ಅದಕ್ಕೆ ಮಾಹಿತಿ ಕೊಟ್ಟವರ ಹತ್ತಿರ ವಾಪಸ್ ಹೋದರೆ ಬರೀ ಅವರಿಗೆ ಉಪಕಾರ ಆಗುವುದಿಲ್ಲ. ಸಂಶೋಧನೆಯೇ ಸರಿಯಾಗುತ್ತದೆ. ಇದನ್ನು ನಾನು ಮನಸ್ಸಿಟ್ಟು ಹೇಳುತ್ತಿದ್ದೇನೆ.

ಇದು ಹೊಸ ವಿಚಾರವೇನಲ್ಲ. ಪುಣೆಯ ಗೋಖಲೆ ಅರ್ಥಶಾಸ್ತ್ರ ಸಂಸ್ಥೆ 1930ರಲ್ಲಿ ಶುರುವಾಯಿತು. ಅದರ ಮೊದಲ ನಿರ್ದೇಶಕರು ಧನಂಜಯರಾವ್ ಗಾಡ್ಗೀಳ್. ಪುಣೆ ಊರಿನ ಜನ ಹೇಗೆ ದುಡಿಯುತ್ತಾರೆ, ಹೇಗೆ ಬದುಕುತ್ತಾರೆ ಅಂತ ಸರ್ವೆ ಮಾಡಿಸಿದವರು. ಅಷ್ಟಕ್ಕೇ ನಿಲ್ಲಲಿಲ್ಲ. ಪ್ರವರಾನಗರದಲ್ಲಿ ರೈತರು ಸೇರಿ ಸಹಕಾರಿ ಸಕ್ಕರೆ ಕಾರ್ಖಾನೆ ಕಟ್ಟಿದಾಗ ರೈತ ಮುಖಂಡ ವಿಠಲರಾವ್ ವಿಖೆ ಪಾಟೀಲರ ಜೊತೆ ನಿಂತರು, ಮೊದಲ ವರ್ಷಗಳಲ್ಲಿ ಅದರ ಅಧ್ಯಕ್ಷರೂ ಆಗಿದ್ದರು. ಒಬ್ಬ ಅರ್ಥಶಾಸ್ತ್ರದ ಮೇಷ್ಟ್ರು ಕಬ್ಬು ಬೆಳೆಯುವವರ ಜೊತೆ ಕೂತು ಲೆಕ್ಕ ನೋಡಿದರು ಎಂಬುದು ನನಗೆ ಇವತ್ತಿಗೂ ದೊಡ್ಡ ವಿಷಯ.

ನಮ್ಮ ಕನ್ನಡದವರಂತೂ ಕಾಲೇಜಿಗೆ ಕಾಯಲೇ ಇಲ್ಲ. ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಕೃಷಿ ಸಹಕಾರ ಸಂಘ ಕಟ್ಟಿದರು. ಆಗ ಗದಗ ಮುಂಬಯಿ ಪ್ರಾಂತ್ಯದಲ್ಲೇ ಇತ್ತು. ಮರುವರ್ಷ, 1906ರಲ್ಲಿ, ಇದೇ ಮುಂಬಯಿಯಲ್ಲಿ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು ಮುಂದೆ ಬ್ಯಾಂಕ್ ಆದ ಶಾಮರಾವ್ ವಿಠಲ ಸಹಕಾರಿ ಸಾಲ ಸಂಘ ಶುರು ಮಾಡಿದರು. ಸಿಡೆನ್‌ಹ್ಯಾಮ್ ವಾಣಿಜ್ಯ ಕಾಲೇಜು ಬಂದದ್ದು 1913ರಲ್ಲಿ. ಅಂದರೆ ನಮ್ಮ ಊರಿನವರ ಕಿರ್ದಿ, ಅಂದರೆ ದಿನದ ಲೆಕ್ಕದ ಪುಸ್ತಕ, ಕಾಲೇಜಿನ ಪಠ್ಯಪುಸ್ತಕಕ್ಕಿಂತ ಮೊದಲು ಇಲ್ಲಿಗೆ ಬಂದಿತ್ತು. ನಮ್ಮ ಸಂಶೋಧಕರು ಈ ಸಹಕಾರಿ ಬ್ಯಾಂಕುಗಳ, ಹೋಟೆಲುಗಳ ಹಳೆಯ ಲೆಕ್ಕ ಪುಸ್ತಕಗಳನ್ನು ಓದಬೇಕು. ನಿಮ್ಮ ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ಖಾತೆ ಪುಸ್ತಕ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ.

ಈಗ ಮಕ್ಕಳ ವಿಷಯ. ತಂದೆ ತಾಯಿ ಇಲ್ಲಿ ಜಾಸ್ತಿ ಇದ್ದೀರಿ, ಅದಕ್ಕೇ ಬಿಡಿಸಿ ಹೇಳುತ್ತೇನೆ.

ಸಿಡೆನ್‌ಹ್ಯಾಮಿನಲ್ಲಿ 1918ರಿಂದ 1920ರವರೆಗೆ ಡಾ. ಬಿ. ಆರ್. ಅಂಬೇಡ್ಕರ್ ಅರ್ಥಶಾಸ್ತ್ರ ಕಲಿಸಿದರು. ಅವರ ಪಾಠ ಕೇಳಲು ಬೇರೆ ಕಾಲೇಜಿನ ವಿದ್ಯಾರ್ಥಿಗಳೂ ಬಂದು ಕೂರುತ್ತಿದ್ದರು. ಆದರೆ ಅಧ್ಯಾಪಕರ ಕೋಣೆಯ ನೀರಿನ ಪಾತ್ರೆಯನ್ನು ಅವರು ಮುಟ್ಟಬಾರದು ಅಂತ ಕೆಲವು ಸಹೋದ್ಯೋಗಿಗಳು ತಗಾದೆ ತೆಗೆದರು. ನಾನು ಪ್ರತಿ ವರ್ಷ ಮೊದಲ ದಿನ ಮಕ್ಕಳಿಗೆ ಇದನ್ನು ಹೇಳುತ್ತೇನೆ. ಪ್ರವೇಶ ಕೊಟ್ಟ ಮಾತ್ರಕ್ಕೆ ಒಳಗೆ ಸೇರಿಸಿಕೊಂಡ ಹಾಗೆ ಆಗುವುದಿಲ್ಲ. ಇದು ಇವತ್ತಿಗೂ ನಿಜ.

ಮುಂಬಯಿಯಲ್ಲಿ ಎಷ್ಟೋ ವಾಣಿಜ್ಯ ಕಾಲೇಜುಗಳ ತರಗತಿ ಬೆಳಿಗ್ಗೆ ಏಳಕ್ಕೆ ಶುರು. ಮಧ್ಯಾಹ್ನದ ಮೇಲೆ ಮಕ್ಕಳು ಕೆಲಸಕ್ಕೆ ಹೋಗಬಹುದು. ಅನುಕೂಲವೇ. ಆದರೆ ಕಲ್ಯಾಣದಾಚೆಯಿಂದ ಬರುವವನು ಐದಕ್ಕೆ ಲೋಕಲ್ ಹಿಡಿಯಬೇಕು. ಮುಂಬಯಿ ವಿಶ್ವವಿದ್ಯಾಲಯದ ನಿಯಮದಂತೆ 75% ಹಾಜರಿ ಬೇಕು. ಒಂದು ವರ್ಷ ಒಬ್ಬ ಹುಡುಗನ ಹೆಸರು ಡಿಫಾಲ್ಟರ್ ಲಿಸ್ಟಿಗೆ ಬಂತು. ಬಂದ ದಿನವೂ ಬೆಂಚಿನ ಮೇಲೆ ತಲೆ ಇಟ್ಟು ಮಲಗುತ್ತಿದ್ದ. ಕರೆದು ಕೇಳಿದೆ. ಮದುವೆ ಸೀಸನ್ನಿನಲ್ಲಿ ಕೇಟರಿಂಗ್‌ನವರ ಜೊತೆ ರಾತ್ರಿ ಒಂದು ಗಂಟೆಯವರೆಗೆ ಬಡಿಸುವ ಕೆಲಸ. ಅಪ್ಪ ವಿಜಯಪುರದ ಕಡೆಯವರು, ನವಿ ಮುಂಬಯಿಯ ನಾಕಾದಲ್ಲಿ, ಅಂದರೆ ಕೂಲಿಯವರು ಕೆಲಸಕ್ಕೆ ಕಾದು ನಿಲ್ಲುವ ಸರ್ಕಲ್ಲಿನಲ್ಲಿ, ದಿನಗೂಲಿ. ಇವನು ಹತ್ತನೆಯವರೆಗೆ ಓದಿದ್ದು ಕನ್ನಡದಲ್ಲಿ. ಡೆಬಿಟ್, ಕ್ರೆಡಿಟ್ ಎಂದರೆ ಭಯ.

ಅವನಿಗೆ ಬೇಕಾದದ್ದು ಸ್ಫೂರ್ತಿ ತುಂಬುವ ಭಾಷಣ ಅಲ್ಲ. ಶನಿವಾರ ಮಧ್ಯಾಹ್ನ ಅದೇ ಪಾಠ ಇನ್ನೊಮ್ಮೆ ಬೇಕಿತ್ತು. ಮಹಾರಾಷ್ಟ್ರ ಸರ್ಕಾರದ ಮಹಾಡಿಬಿಟಿ ಪೋರ್ಟಲ್ಲಿನಲ್ಲಿ ವಿದ್ಯಾರ್ಥಿವೇತನದ ಅರ್ಜಿ ತುಂಬಲು ಪಕ್ಕದಲ್ಲಿ ಒಬ್ಬರು ಕೂರಬೇಕಿತ್ತು. ಆದಾಯ ಪ್ರಮಾಣಪತ್ರವನ್ನು ಕೊನೆಯ ದಿನಕ್ಕಿಂತ ಎರಡು ತಿಂಗಳು ಮೊದಲೇ ಮಾಡಿಸು ಅಂತ ಹೇಳುವವರು ಬೇಕಿತ್ತು. ಮೂರನ್ನೂ ಶುರು ಮಾಡಿದೆವು. ಶನಿವಾರದ ಪಾಠದಲ್ಲಿ ನಾನು ಜಮಾ-ಖರ್ಚು, ಕಿರ್ದಿ, ಖಾತೆ ಅಂತಲೇ ಹೇಳಿದೆ. ಎರಡನೇ ಶನಿವಾರ ಅವನು ತಲೆ ಎತ್ತಿ, "ಸರ್, ಇದು ನಮ್ಮೂರ ಕಿರಾಣಿ ಅಂಗಡಿಯವರು ಬರೆಯೋದೇ ಅಲ್ವಾ?" ಅಂದ. ಅದೇ ಮಗಾ, ಅದೇ.

ಅವನ ಮೂಲಕವೇ ನಾವು ನಾಕಾಕ್ಕೆ ಹೋದೆವು. ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್‌ಎಸ್‌ಎಸ್, 1969ರಿಂದ ಇದೆ. ವರ್ಷಕ್ಕೆ 120 ಗಂಟೆ ಸೇವೆ. ರಸ್ತೆ ಗುಡಿಸುವುದು, ಗಿಡ ನೆಡುವುದು ಬೇಡ ಅನ್ನುವುದಿಲ್ಲ. ಆದರೆ ಲೆಕ್ಕ ಬಲ್ಲ ಮಕ್ಕಳಿಗೆ ಸುಮ್ನೆ ಬ್ಯಾನರ್ ಹಿಡಿಸಿ ಫೋಟೊ ತೆಗೆಸುವುದು ನನಗೆ ಒಪ್ಪಿಗೆ ಇಲ್ಲ. ಅವರ ಕೈಯಲ್ಲಿರುವ ವಿದ್ಯೆ ಯಾರಿಗೆ ಬೇಕು ಅಂತ ಹುಡುಕಬೇಕು.

ನಾಕಾದಲ್ಲಿ ಬೇಕಿತ್ತು. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲೇ ಕಾನೂನು ಬಂತು. ಕಟ್ಟಡದ ಖರ್ಚಿನ 1% ಸೆಸ್ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗುತ್ತದೆ. ಆ ಮಂಡಳಿಯ ಸವಲತ್ತು ಸಿಗಬೇಕಾದರೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದು ಗೊತ್ತಾಗಬೇಕು. ಕಲಬುರಗಿ, ಯಾದಗಿರಿ, ವಿಜಯಪುರದಿಂದ ಬಂದ ನಮ್ಮ ಜನ ವರ್ಷಕ್ಕೆ ಅದಕ್ಕಿಂತ ಎಷ್ಟೋ ಜಾಸ್ತಿ ದಿನ ದುಡಿಯುತ್ತಾರೆ. ಆದರೆ ಇವತ್ತು ಒಬ್ಬ ಮೇಸ್ತ್ರಿ, ನಾಳೆ ಇನ್ನೊಬ್ಬ. ಬರೆದುಕೊಟ್ಟು ಸಹಿ ಹಾಕುವವರು ಯಾರು? ಮಕ್ಕಳು ಒಂದು ಜೇಬಿನ ಪುಸ್ತಕ ಮಾಡಿದರು. ತಾರೀಕು, ಜಾಗ, ಮೇಸ್ತ್ರಿ ಹೆಸರು, ಫೋನು, ಕೂಲಿ, ಬಾಕಿ. ಆರೇ ಕಲಂ. ಈ ಪುಸ್ತಕವೇ ಪ್ರಮಾಣಪತ್ರ ಅಲ್ಲ. ಆದರೆ ಯಾರ ಹತ್ತಿರ ಎಷ್ಟು ದಿನ ದುಡಿದೆ ಅಂತ ಕೈಯಲ್ಲಿ ಇದ್ದರೆ ಕೇಳಲು ಬಾಯಿ ಬರುತ್ತದೆ. ನಾವು ಯೋಚಿಸದೇ ಇದ್ದ ಒಂದು ಉಪಯೋಗವನ್ನು ಒಬ್ಬ ತಾಯಿ ಕಂಡುಕೊಂಡರು. ಬಾಕಿ ಉಳಿದ ಕೂಲಿಯನ್ನು ಆ ಪುಸ್ತಕ ತೋರಿಸಿಯೇ ವಸೂಲಿ ಮಾಡಿದರು.

ಆ ಪುಸ್ತಕಗಳಿಂದ ಈಗ ನಮ್ಮ ವಿದ್ಯಾರ್ಥಿನಿಯೊಬ್ಬಳು ಸಂಶೋಧನೆ ಮಾಡುತ್ತಿದ್ದಾಳೆ. ಮಳೆಗಾಲದಲ್ಲಿ ಎಷ್ಟು ದಿನ ಕೆಲಸ ತಪ್ಪುತ್ತದೆ, ಬಾಕಿ ಎಷ್ಟು ದಿನಕ್ಕೆ ಕೈಗೆ ಬರುತ್ತದೆ ಎಂಬುದು ಅವಳ ಪ್ರಶ್ನೆ. ಅವಳಿಗೆ ನಾನು ಹಾಕಿದ ಷರತ್ತು ಒಂದೇ. ವಿಶ್ವವಿದ್ಯಾಲಯಕ್ಕೆ ಪ್ರಬಂಧ ಕೊಡುವ ಮೊದಲು ನಾಕಾದಲ್ಲಿ ನಿಂತು ಅದನ್ನು ಕನ್ನಡದಲ್ಲಿ ಓದಿ ಹೇಳಬೇಕು. ಯಾರಾದರೂ "ಇದು ಹಾಗಲ್ಲವ್ವ" ಅಂದರೆ ತಿದ್ದಬೇಕು.

ಮಾತು ಇಲ್ಲಿಗೆ ಮುಗಿಸುತ್ತೇನೆ, ಕೆಲಸ ಹೊರಗಿದೆ. ವರಾಂಡದಲ್ಲಿ ನಾಲ್ಕು ಮೇಜು ಹಾಕಿದ್ದೇವೆ. ನಮ್ಮ ವಿದ್ಯಾರ್ಥಿಗಳು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಾರೆ. ಸಣ್ಣ ಅಂಗಡಿ, ಹೋಟೆಲು, ಟೇಲರಿಂಗ್, ಮನೆಯಲ್ಲೇ ಹಪ್ಪಳ ಮಾಡುವವರು, ಯಾರೇ ಇರಲಿ, ಸಣ್ಣ ಉದ್ದಿಮೆಗಳಿಗಾಗಿ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ. ಆಧಾರ್, ಪಾನ್ ಮತ್ತು ಆಧಾರ್‌ಗೆ ಜೋಡಿಸಿದ ಫೋನ್ ತನ್ನಿ. ಅದಕ್ಕೆ ಸರ್ಕಾರದ ಫೀ ಒಂದು ಪೈಸೆಯೂ ಇಲ್ಲ, ಏಜೆಂಟರಿಗೆ ದುಡ್ಡು ಕೊಡಬೇಡಿ. ಕೊನೆಯ ಮೇಜಿನಲ್ಲಿ ಜೇಬಿನ ಪುಸ್ತಕಗಳಿವೆ. ಪರಿಚಯದ ಕಾರ್ಮಿಕರಿದ್ದರೆ ಅವರಿಗೂ ತಗೊಂಡು ಹೋಗಿ. ಆ ಮೇಜಿನ ಹತ್ತಿರವೇ ನಾನೂ ಕೂತಿರುತ್ತೇನೆ. ನಮಸ್ಕಾರ.